ಇಂಗ್ಲಿಷ್ ತಪ್ಪು: ತಿದ್ದುವುದು ಯಾರ ಕೆಲಸ?

ಇಂಗ್ಲಿಷ್ ಕಲಿಯುವವರ ತಪ್ಪುಗಳನ್ನೆಲ್ಲ ಅಜಾಗರೂಕತೆಯ ಲೆಕ್ಕಕ್ಕೆ ಹಾಕುವಂತಿಲ್ಲ. ಬ್ರಿಟಿಷ್ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಈ ತಪ್ಪುಗಳನ್ನು ಎರಡಾಗಿ ವಿಂಗಡಿಸಿದರು. ಒಂದು, ಗೊತ್ತಿದ್ದೂ ಅವಸರದಲ್ಲಿ ಆಗುವ ತಪ್ಪು. ಇನ್ನೊಂದು, ಕಲಿಯುವವರು ತಮ್ಮೊಳಗೆ ಕಟ್ಟಿಕೊಂಡ ನಿಯಮವೇ ಅಪೂರ್ಣವಾಗಿರುವುದರಿಂದ ಮತ್ತೆ ಮತ್ತೆ ಆಗುವ ತಪ್ಪು. ಮೊದಲನೆಯದನ್ನು ತೋರಿಸಿದರೆ ಸಾಕು, ವಿದ್ಯಾರ್ಥಿಯೇ ಸರಿಮಾಡಿಕೊಳ್ಳುತ್ತಾನೆ. ಶಿಕ್ಷಕರ ಶ್ರಮ ನಿಜವಾಗಿ ಸಲ್ಲಬೇಕಾದದ್ದು ಎರಡನೆಯದಕ್ಕೆ.

ಕನ್ನಡ ಮನೆಮಾತಿನ ಮಕ್ಕಳ ಒಂದು ವಾಕ್ಯವನ್ನೇ ನೋಡಬಹುದು: 'ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ.' 'ನಿನ್ನೆ ಮೈಸೂರಿಗೆ ಹೋಗಿದ್ದೆ' ಎಂಬುದು ಅಪ್ಪಟ ಕನ್ನಡ. ಹೋಗಿ ಬಂದದ್ದೂ ಅದರಲ್ಲೇ ಅಡಗಿದೆ. 'ಹೋಗಿದ್ದೆ' ಎಂಬ ಕೂಡುಕ್ರಿಯೆಗೆ ಸಮನಾಗಿ ಕಾಣುವ 'ಹ್ಯಾಡ್ ಗಾನ್' ಸಹಜವಾಗಿಯೇ ಬರುತ್ತದೆ. ಇಂಗ್ಲಿಷಿನಲ್ಲಾದರೋ ಆ ರೂಪ ಬೇಕಾಗುವುದು, ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಮೊದಲಿನದು ಯಾವುದೆಂದು ಹೇಳುವಾಗ. 'ಹ್ಯಾಡ್ ಗಾನ್' ಹೊಡೆದುಹಾಕಿ 'ವೆಂಟ್' ಎಂದು ಬರೆದುಕೊಟ್ಟರೆ ಆ ವಾಕ್ಯವೊಂದು ಸರಿಯಾಗುತ್ತದೆ. ಮುಂದಿನ ವಾರದ ಪ್ರಬಂಧದಲ್ಲಿ ಅದೇ ತಪ್ಪು ಮರಳುತ್ತದೆ. ಕಾರಣ ತಿಳಿಸಿದರೆ ಇಂಥ ಹತ್ತಾರು ವಾಕ್ಯಗಳನ್ನು ವಿದ್ಯಾರ್ಥಿಯೇ ಸರಿಪಡಿಸಬಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಕನ್ನಡದ ತಲೆಗೆ ಕಟ್ಟುವುದು ಸರಿಯಲ್ಲ. 'ಕಾಟ್' ಎನ್ನಬೇಕಾದಲ್ಲಿ 'ಕ್ಯಾಚ್ಡ್' ಎಂದು ಬರೆಯುವ ಮಗು ಇಂಗ್ಲಿಷಿನದೇ ನಿಯಮವನ್ನು ಅದು ಸಲ್ಲದ ಕಡೆಗೂ ಒಯ್ದಿರುತ್ತದೆ. ಅದು ಕಲಿಕೆ ನಡೆದಿರುವುದಕ್ಕೆ ಸಾಕ್ಷಿ.

ಪದಗಳ ಆಯ್ಕೆಯ ತೊಡಕೇ ಬೇರೆ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. 'ಸ್ಟ್ರಾಂಗ್ ರೇನ್' ಎಂದು ಬರೆದವರಿಗೆ ವಿವರಿಸಲು ಯಾವ ನಿಯಮವೂ ಇಲ್ಲ. ಬಳಕೆ ಹಾಗಿದೆ, ಅಷ್ಟೆ. ಅಮೆರಿಕದ ಸಂಶೋಧಕಿ ಡೇನಾ ಫೆರಿಸ್ 1999ರಲ್ಲಿ ಇದೇ ಭೇದವನ್ನು ಎತ್ತಿ ತೋರಿಸಿದರು. ನಿಯಮಕ್ಕೆ ಒಳಪಡುವ ತಪ್ಪನ್ನು ಸೂಚನೆ ಸಿಕ್ಕರೆ ವಿದ್ಯಾರ್ಥಿ ಸ್ವತಃ ತಿದ್ದಬಹುದು. ಪದದ ಆಯ್ಕೆಯಂಥ ತಪ್ಪಿಗೆ ಅಡಿಗೆರೆ ಎಳೆದು ಬಿಟ್ಟರೆ ಆತ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಅಲ್ಲಿ ಸರಿಯಾದ ಪದವನ್ನು, ಅದರ ಜೊತೆಗಾರ ಪದದೊಡನೆ, ಶಿಕ್ಷಕರೇ ಕೊಡಬೇಕು.

ತಿದ್ದುವುದರಿಂದ ಲಾಭವಿದೆಯೇ ಎಂಬುದೇ ಒಮ್ಮೆ ದೊಡ್ಡ ವಾದಕ್ಕೆ ವಸ್ತುವಾಗಿತ್ತು. ಬರವಣಿಗೆಯ ತರಗತಿಗಳಲ್ಲಿ ವ್ಯಾಕರಣ ತಿದ್ದುವುದನ್ನು ಕೈಬಿಡಬೇಕೆಂದು ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. ಫೆರಿಸ್ ಅವರ ಬರಹ ಅದಕ್ಕೆ ಉತ್ತರವಾಗಿ ಬಂದದ್ದು. ಮುಂದೆ ನಡೆದ ಕೆಲವು ಅಧ್ಯಯನಗಳು 'ಎ' ಮತ್ತು 'ದ' ಬಳಕೆಯನ್ನಷ್ಟೇ ಗುರಿಯಾಗಿಟ್ಟು ತಿದ್ದಿದಾಗ ಸುಧಾರಣೆ ಕಂಡವು. ಈ ಎರಡಕ್ಕೆ ನೇರ ಜೋಡಿಯಿಲ್ಲದ ಕನ್ನಡದಿಂದ ಬರುವ ಮಕ್ಕಳ ಮಟ್ಟಿಗೆ ಇದು ಮುಖ್ಯವಾದ ಮಾತು. ಒಂದು ಸಲಕ್ಕೆ ಒಂದೆರಡು ಬಗೆಯ ತಪ್ಪನ್ನು ಹಿಡಿದು ತಿದ್ದಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಪುಟವೆಲ್ಲ ಕೆಂಪಾದರೆ ಯಾವುದೂ ನಿಲ್ಲುವುದಿಲ್ಲ.

ಮಾತಿನಲ್ಲಿ ತಿದ್ದುವ ರೀತಿ ಇನ್ನಷ್ಟು ನಾಜೂಕಿನದು. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ನಡೆದ, 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಹೆಸರಾದ ಇಂಗ್ಲಿಷ್ ಬೋಧನೆಯ ಪ್ರಯೋಗದಲ್ಲಿ ಮಕ್ಕಳ ಗಮನ ಕೈಲಿದ್ದ ಸಮಸ್ಯೆಯ ಮೇಲಿರುತ್ತಿತ್ತು. ತಪ್ಪು ಬಂದಲ್ಲಿ ಶಿಕ್ಷಕರು ಸರಿರೂಪ ಕೊಟ್ಟು ಮುಂದೆ ಸಾಗುತ್ತಿದ್ದರು. ಪಾಠ ನಿಲ್ಲಿಸಿ ವ್ಯಾಕರಣ ಹೇಳುತ್ತಿರಲಿಲ್ಲ. ಮಾತಿನ ಓಟ ಮುರಿಯದ ಈ ದಾರಿಗೂ ಒಂದು ಮಿತಿಯಿದೆ. ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ, ಶಿಕ್ಷಕರು ಸರಿಪಡಿಸಿ ಮರುನುಡಿಯುವುದೇ ಹೆಚ್ಚು, ಮಕ್ಕಳು ಅದನ್ನು ಗಮನಿಸಿ ಪ್ರತಿಕ್ರಿಯಿಸುವುದು ಕಡಿಮೆ ಎಂದು 1997ರಲ್ಲಿ ವರದಿ ಮಾಡಿದರು. 'ಇನ್ನೊಮ್ಮೆ ಹೇಳು ನೋಡೋಣ' ಎಂದು ಕೇಳಿ ಮಗುವಿನ ಬಾಯಲ್ಲೇ ಸರಿರೂಪ ಹೊರಡಿಸುವುದೂ ನಡುನಡುವೆ ಬೇಕು.

ತಿದ್ದಬಾರದ್ದೂ ಉಂಟು. 'ರೈಟಿಂಗ್ ದಿ ಎಕ್ಸಾಮ್' ಭಾರತದ ಇಂಗ್ಲಿಷಿನಲ್ಲಿ ನೆಲೆನಿಂತ ಬಳಕೆ. ಬ್ರಿಟನ್ನಿನಲ್ಲಿ 'ಟೇಕ್' ಅಥವಾ 'ಸಿಟ್' ಎನ್ನುತ್ತಾರೆಂದು ತಿಳಿಸಿದರೆ ಸಾಕು. ಅಂಕ ಕಳೆಯುವುದು ಅನ್ಯಾಯ.

ನಮ್ಮ ಶಾಲೆಗಳಲ್ಲಿ ಬದಲಾಗಬೇಕಾದದ್ದು ನೋಟ್‌ಬುಕ್ ತಿದ್ದುವ ಕ್ರಮ. ಶಿಕ್ಷಕರು ಪ್ರತಿ ಸಾಲಿನ ಮೇಲೂ ಸರಿಯಾದ ವಾಕ್ಯ ಬರೆದು, ಮಕ್ಕಳು ಅದನ್ನು ಐದು ಸಲ ನಕಲು ಮಾಡುವ ಪದ್ಧತಿಯಲ್ಲಿ ಯೋಚಿಸುವ ಕೆಲಸವೆಲ್ಲ ಶಿಕ್ಷಕರದೇ ಆಗುತ್ತದೆ. ನಿಯಮದ ತಪ್ಪಿಗೆ ಗುರುತು ಮಾತ್ರ ಹಾಕಿ, ಪದದ ತಪ್ಪಿಗೆ ಸರಿಪದ ಕೊಟ್ಟು, ಅದೇ ಪ್ರಬಂಧವನ್ನು ಮತ್ತೊಮ್ಮೆ ಬರೆಸಿ, ಆ ಎರಡನೆಯ ಪ್ರತಿಗೆ ಅಂಕ ಕೊಡುವುದು ಉತ್ತಮ. ಕಿಕ್ಕಿರಿದ ತರಗತಿಯಲ್ಲಿ ಇದಕ್ಕೆ ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ತಿಂಗಳಿಗೆ ನಾಲ್ಕು ಪ್ರಬಂಧಗಳ ಬದಲು ಎರಡನ್ನೇ ಬರೆಸಿ, ಪ್ರತಿಯೊಂದನ್ನೂ ಎರಡು ಸಲ ಬರೆಸಿದರೆ ಶಿಕ್ಷಕರ ಹೊರೆ ಹೆಚ್ಚುವುದಿಲ್ಲ, ಮಕ್ಕಳ ಕಲಿಕೆ ಹೆಚ್ಚುತ್ತದೆ.