ಮೂವತ್ತೇಳನೆಯ ಸಂಧಿಯ ನಂತರದ ಮೌನ

ಕೃತಿಯ ಆರಂಭದಲ್ಲಿ ವಿನಯವನ್ನೂ ಮುಕ್ತಾಯದಲ್ಲಿ ಧನ್ಯತೆಯನ್ನೂ ಹೇಳಿಕೊಂಡ ಪ್ರಾಚೀನ ಕವಿಗಳು ಅನೇಕರು. ನಡುವೆ ಕವಿದ ಬೇಸರವನ್ನು ದಾಖಲಿಸಿದವರು ವಿರಳ. ಅಂಥವರಲ್ಲಿ ಒಬ್ಬನು ಅಪಭ್ರಂಶ ಮಹಾಕವಿ ಪುಷ್ಪದಂತ.

ಇಂದಿನ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಪೊನ್ನನಿಗೆ ಆಶ್ರಯವಿತ್ತ ಮೂರನೆಯ ಕೃಷ್ಣನ ಕಾಲದಲ್ಲಿ, ದೂರದಿಂದ ಬಳಲಿ ಬಂದ ಪುಷ್ಪದಂತನನ್ನು ಮಂತ್ರಿ ಭರತನು ತನ್ನ ಮನೆಯಲ್ಲಿರಿಸಿಕೊಂಡನು. ಅಲ್ಲಿ ಕ್ರಿ.ಶ. 959ರಲ್ಲಿ ‘ಮಹಾಪುರಾಣ’ ಆರಂಭವಾಯಿತು. 37 ಸಂಧಿಗಳಲ್ಲಿ ಆದಿಪುರಾಣ ಮುಗಿಯಿತು. ಉತ್ತರಪುರಾಣ ಇಡಿಯಾಗಿ ಬಾಕಿಯಿತ್ತು. ಆಗ ಕವಿಯ ಲೇಖನಿ ನಿಂತಿತು.

38ನೆಯ ಸಂಧಿಯ ಆದಿಯಲ್ಲಿ ಅವನೇ ಇದನ್ನು ನಿವೇದಿಸಿದ್ದಾನೆ. ಏನೋ ಕಾರಣದಿಂದ ಮನಸ್ಸು ಕೆಟ್ಟು ಕೆಲವು ದಿನ ಕಾವ್ಯ ಬೇಡವಾಯಿತು. ಕನಸಿನಲ್ಲಿ ಕಂಡ ಸರಸ್ವತಿ ಅರ್ಹಂತನಿಗೆ ನಮಿಸೆಂದಳು. ಎಚ್ಚೆತ್ತಾಗ ಯಾರೂ ಇರಲಿಲ್ಲ. ಬಳಿಕ ಭರತನೇ ಬಂದು, ಮುಖ ಬಾಡಿರುವುದೇಕೆ, ತನ್ನಿಂದೇನಾದರೂ ಅಪರಾಧವಾಯಿತೇ ಎಂದು ವಿಚಾರಿಸಿದನು. ತನಗೆ ಬೇಕಾದುದು ಧನವಲ್ಲ, ನಿಷ್ಕಪಟ ಸ್ನೇಹ ಎಂಬುದು ಕವಿಯ ಉತ್ತರ.

ಇದು ಆಶ್ರಯದಾತನ ಸ್ತುತಿಗೆ ಬಳಸಿದ ಕವಿಸಮಯವಷ್ಟೇ ಎನ್ನಬಹುದು. ಆದರೆ ಭರತನ ಪ್ರಶಂಸೆ ಕಾವ್ಯಾರಂಭದಲ್ಲಿಯೇ ಬಂದಿದೆ. ಒಂದು ಮಹಾಕಾರ್ಯ ಮುಗಿದು ಮತ್ತೊಂದು ತೊಡಗಬೇಕಾದ ಎಡೆಯಲ್ಲಿಯೇ, ‘ಅಭಿಮಾನಮೇರು’ ಎಂದು ಕರೆದುಕೊಂಡ ಕವಿ ತನ್ನ ಕುಗ್ಗುವಿಕೆಯನ್ನು ಒಪ್ಪಿಕೊಂಡಿರುವುದು ಕೇವಲ ರೂಢಿಯೆನಿಸದು. ಅವನು ಕಾರಣವನ್ನು ಹೆಸರಿಸಿಲ್ಲ. ವಿಮರ್ಶಕರೂ ಅದನ್ನು ಊಹಿಸಿ ತುಂಬಬೇಕಾಗಿಲ್ಲ. ಮುಗಿದ ಕೆಲಸವೇ ಮನಸ್ಸನ್ನು ಬರಿದು ಮಾಡಬಲ್ಲದು.

ಮಹಾಪ್ರಬಂಧ ಒಪ್ಪಿಸಿದ ಮೇಲೆ ತಿಂಗಳುಗಟ್ಟಲೆ ಗ್ರಂಥ ಮುಟ್ಟದ ಸಂಶೋಧಕರನ್ನು ಸೋಮಾರಿಗಳೆಂದು ಜರೆಯುವುದು ಸುಲಭ. ಅವರೂ ತಮ್ಮನ್ನು ಹಾಗೆಯೇ ಜರೆದುಕೊಳ್ಳುತ್ತಾರೆ. ಮಾನ್ಯಖೇಟದ ಪ್ರಸಂಗ ಬೇರೆ ದಾರಿ ತೋರಿಸುತ್ತದೆ. ಸರಸ್ವತಿ ಕೇಳಿದ್ದು 65 ಸಂಧಿಗಳನ್ನಲ್ಲ, ಒಂದು ನಮಸ್ಕಾರವನ್ನು. ಭರತನು ಗಡುವು ವಿಧಿಸದೆ, ಮೊದಲು ತನ್ನ ತಪ್ಪನ್ನೇ ಹುಡುಕಿದನು. ಬರೆದವನಿಗೆ ಬೇಕಾದುದು ಅಂತಹ ಚಿಕ್ಕ ಆರಂಭ. ಮಾರ್ಗದರ್ಶಕರಿಗೆ ಬೇಕಾದುದು ಬಾಗಿಲವರೆಗೆ ಬರುವ ಅಂತಹ ಸೌಜನ್ಯ.

965ರಲ್ಲಿ 102 ಸಂಧಿಗಳ ಮಹಾಪುರಾಣ ಪೂರ್ಣವಾಯಿತು. ಭರತನ ಮಗ ನನ್ನನ ಆಶ್ರಯದಲ್ಲಿ ‘ಣಾಯಕುಮಾರಚರಿಉ’, ‘ಜಸಹರಚರಿಉ’ಗಳೂ ರಚಿತವಾದವು. ಆ ಕೆಲವು ದಿನಗಳ ಮೌನವನ್ನು ಕವಿ ಕಾವ್ಯದಿಂದ ಅಳಿಸಲಿಲ್ಲ. ಸಂಶೋಧಕರೂ ಅದನ್ನು ತಮ್ಮ ಬಾಳಿನಿಂದ ಅಳಿಸಬೇಕಾಗಿಲ್ಲ.