ಬೇರೆಯವರ ಕಣಜ ನಂಬಿ ಬಿತ್ತನೆ

ಶನಿವಾರ ರಾತ್ರಿ ಹನ್ನೊಂದೂವರೆಗೆ ಗಂಗಾನಗರದ ನನ್ನ ರೂಮಲ್ಲಿ ಮಲಗೋ ಹೊತ್ತಿಗೆ ಫೋನ್ ಬಂತು. "ಅಣ್ಣಾ, ಬಿಲ್ಡ್ ಆಗ್ತಿಲ್ಲ." ಟೀಮಿಗೆ ಸೇರಿ ಐದು ತಿಂಗಳಾಗಿದ್ದ ಹುಡುಗ. ಆ ವಾರವಷ್ಟೇ ಅವನಿಗೆ ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದರು. ಅವನು ಕೋಡ್‌ನಲ್ಲಿ ಬದಲಾಯಿಸಿದ್ದು ಎರಡೇ ಸಾಲು. ಆದರೆ ಗ್ರೇಡಲ್ ಮಾತ್ರ ಒಂದು ಲೈಬ್ರರಿ ಸಿಗುತ್ತಿಲ್ಲ ಅಂತ ಕೆಂಪಕ್ಷರದಲ್ಲಿ ಹೇಳಿ ನಿಂತುಬಿಟ್ಟಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕೋಡ್ ಸಲೀಸಾಗಿ ಬಿಲ್ಡ್ ಆಯ್ತು.

ಕಾರಣ ಸಿಗೋಕೆ ಬೆಳಗಿನ ಜಾವ ಮೂರಾಯ್ತು. ಆ ಲೈಬ್ರರಿಯನ್ನು ಯಾರೋ ಒಬ್ಬ ಡೆವಲಪರ್ ತನ್ನ ಸ್ವಂತ ರೆಪಾಸಿಟರಿಯಲ್ಲಿ ಇಟ್ಟಿದ್ದ. ಅದನ್ನು ಯಾವಾಗಲೋ ಮುಚ್ಚಿಯೂ ಇದ್ದ. ನಮ್ಮ ಹಳೇ ಲ್ಯಾಪ್‌ಟಾಪುಗಳ ಕ್ಯಾಶ್‌ನಲ್ಲಿ ಒಂದೊಂದು ಪ್ರತಿ ಉಳಿದಿದ್ದರಿಂದ ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ. ಕೊನೆಗೆ ನನ್ನಲ್ಲಿದ್ದ ಜಾರ್ ಫೈಲನ್ನೇ ಅವನಿಗೆ ಕಳಿಸಿ ರಿಲೀಸ್ ಮುಗಿಸಿದೆವು. ಸೋಮವಾರ ಮೀಟಿಂಗಿನಲ್ಲಿ ಬಂದ ಮಾತು: "ಹುಡುಗ ಸೆಟಪ್ ಸರಿಯಾಗಿ ಮಾಡಿಕೊಂಡಿರಲಿಲ್ಲ." ಅವನ ಅಪ್ರೈಸಲ್‌ನಲ್ಲೂ ಅದೇ ಮಾತು ಕೂತಿತು. ಆ ಮೀಟಿಂಗಿನಲ್ಲಿ ನಾನೂ ಇದ್ದೆ. ಬಾಯಿ ಬಿಡಲಿಲ್ಲ. ಅವತ್ತು ಆಡದೇ ಹೋದ ಮಾತನ್ನು ಈಗ ಬರೀತಿದೀನಿ.

ತಪ್ಪು ಹುಡುಗನದ್ದಲ್ಲ. ಮುಚ್ಚಿದ ಆ ಡೆವಲಪರ್‌ದೂ ಅಲ್ಲ, ಅವನೇನು ನಮ್ಮ ಹತ್ತಿರ ಸಂಬಳ ತಗೊಂಡಿದ್ನಾ? ತಪ್ಪು ನಮ್ಮದು. ಊರವರ ವಸ್ತುವನ್ನು ಪುಕ್ಕಟೆ ತಂದು, ಅದರ ಮೇಲೆ ಬಿಸಿನೆಸ್ ಕಟ್ಟಿ, ಅದು ನಾಳೆಯೂ ಅಲ್ಲೇ ಇರುತ್ತೆ ಅಂತ ನಂಬಿಕೊಂಡು ಕೂತ ಸೀನಿಯರ್‌ಗಳದ್ದು.

ಇದೇನು ನಮ್ಮ ಆಫೀಸಿಗೆ ಮಾತ್ರ ಬಂದ ಗ್ರಹಚಾರ ಅಲ್ಲ. 2016ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್ ಸಿಟ್ಟು ಮಾಡಿಕೊಂಡು ಎನ್‌ಪಿಎಂನಿಂದ ತನ್ನ ಪ್ಯಾಕೇಜ್‌ಗಳನ್ನೆಲ್ಲ ತೆಗೆದುಬಿಟ್ಟ. ಅದರಲ್ಲಿ ಲೆಫ್ಟ್-ಪ್ಯಾಡ್ ಅನ್ನೋದೂ ಒಂದು. 11 ಸಾಲಿನ ಕೋಡ್. ಅಷ್ಟಕ್ಕೇ ಜಗತ್ತಿನ ಎಷ್ಟೋ ಕಂಪನಿಗಳ ಬಿಲ್ಡ್ ಮುಗ್ಗರಿಸಿತು. 2021ರ ಫೆಬ್ರುವರಿಯಲ್ಲಿ ಜೆಫ್ರಾಗ್ ಕಂಪನಿ ಬಿನ್‌ಟ್ರೇ ಮತ್ತು ಜೆಸೆಂಟರ್ ನಿಲ್ಲಿಸ್ತೀವಿ ಅಂತ ಘೋಷಿಸಿತು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಹೊಸ ಪ್ರಾಜೆಕ್ಟ್ ತೆರೆದರೆ ಜೆಸೆಂಟರ್ ತಾನೇ ಬಂದು ಕೂರುತ್ತಿದ್ದ ಕಾಲ ಒಂದಿತ್ತು. ಮೇ 1ಕ್ಕೆ ಬಿನ್‌ಟ್ರೇ ಬಂದ್. ಜೆಸೆಂಟರನ್ನು ಆಮೇಲೆ ಓದಲಿಕ್ಕೆ ಮಾತ್ರ ಉಳಿಸಿದರು ಅನ್ನೋದು ಬೇರೆ ಮಾತು. ಸಿಕ್ಕ ಮೂರು ತಿಂಗಳಲ್ಲಿ ನಾವೆಷ್ಟು ಜನ ನಮ್ಮ ಬಿಲ್ಡ್ ಫೈಲ್ ತೆರೆದು ನೋಡಿದ್ವಿ?

ಅದೇ ವರ್ಷ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಹಗರಣ. ಪ್ಯಾಚ್ ಹಾಕೋದು ದೊಡ್ಡ ಕೆಲಸ ಆಗಿರಲಿಲ್ಲ. ನಮ್ಮ ಯಾವ ಯಾವ ಪ್ರಾಜೆಕ್ಟಿನಲ್ಲಿ ಅದು ಇದೆ ಅಂತ ಹೇಳೋರೇ ಇರಲಿಲ್ಲ, ಅದು ದೊಡ್ಡ ಕೆಲಸ. ನಾವು ಕರೆದಿದ್ದು ಒಂದು ಲೈಬ್ರರಿಯನ್ನು, ಅದು ತನ್ನ ನೆಂಟರಿಷ್ಟರನ್ನೆಲ್ಲ ಕರಕೊಂಡು ಬಂದು ಊಟಕ್ಕೆ ಕೂತಿತ್ತು. ಮನೆ ಯಜಮಾನನಿಗೆ ಎಷ್ಟು ಎಲೆ ಬಿದ್ದಿದೆ ಅನ್ನೋದೇ ಗೊತ್ತಿಲ್ಲ.

"ಅದೆಲ್ಲ ಹಳೇ ಕಥೆ ಗುರೂ, ಮೇವನ್ ಸೆಂಟ್ರಲ್‌ಗೆ ಒಮ್ಮೆ ಹಾಕಿದ್ದನ್ನು ತೆಗೆಯೋಕೇ ಬಿಡಲ್ಲ" ಅಂತೀರಾ? ನಿಜ, ಒಳ್ಳೇ ನಿಯಮ. ಆದರೆ ಅದನ್ನು ನಡೆಸೋದಕ್ಕೂ ದುಡ್ಡು ಬೇಕಲ್ಲ? ಅದನ್ನು ನೋಡಿಕೊಳ್ಳೋ ಸೋನಾಟೈಪ್ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು: ಒಟ್ಟು ಬ್ಯಾಂಡ್‌ವಿಡ್ತ್‌ನ ಶೇ. 83ರಷ್ಟನ್ನು ಶೇ. 1ರಷ್ಟು ಐಪಿ ವಿಳಾಸಗಳೇ ನುಂಗುತ್ತಿವೆ. ಇದು ಕಾಲೇಜು ಹುಡುಗರ ಕೆಲಸ ಅಲ್ಲ. ಪ್ರತಿ ಬಿಲ್ಡ್‌ಗೂ ಹೊಸ ಮೆಷಿನ್ ಎಬ್ಬಿಸಿ, ಅದೇ ಫೈಲುಗಳನ್ನು ದಿನಕ್ಕೆ ಸಾವಿರ ಸಲ ಇಳಿಸೋ ದೊಡ್ಡ ದೊಡ್ಡ ಕಂಪನಿಗಳದ್ದು. ಊರ ಬಾವಿಗೆ ಮೋಟರ್ ಇಟ್ಟು ಎತ್ತಿದ ಹಾಗೆ. ಇನ್ನು ಮುಂದೆ ಮಿತಿ ಹಾಕ್ತೀವಿ ಅಂತ ಅವರು ಹೇಳಿದರೆ ನಾವು ಮುಖ ಊದಿಸೋ ಹಾಗಿಲ್ಲ.

ನಮ್ಮ ಅಜ್ಜಿ ಬಿತ್ತನೆ ರಾಗಿಯನ್ನು ಬೇವಿನ ಸೊಪ್ಪು ಸೇರಿಸಿ ಬೇರೆಯೇ ಮಡಕೆಯಲ್ಲಿ ಕಟ್ಟಿಡುತ್ತಿದ್ದಳು. ಮನೆಯಲ್ಲಿ ಹಿಟ್ಟಿಗೆ ತತ್ವಾರ ಆದರೂ ಆ ಮಡಕೆ ಮುಟ್ಟೋ ಹಾಗಿಲ್ಲ. ಮಳೆ ಬಿದ್ದ ದಿನ ಪಕ್ಕದ ಮನೆಗೆ ಬೀಜ ಕೇಳೋಕೆ ಹೋದರೆ ಅವರೂ ಬಿತ್ತುತ್ತಿರುತ್ತಾರೆ ಅನ್ನೋದು ಅವಳಿಗೆ ಗೊತ್ತಿತ್ತು. ಬಿಇ ಮಾಡಿದ ನನಗೆ ಗೊತ್ತಿರಲಿಲ್ಲ.

ಮಾಡಬೇಕಾದ ಕೆಲಸ ಏನೂ ಬ್ರಹ್ಮವಿದ್ಯೆ ಅಲ್ಲ. ಆಫೀಸಿನೊಳಗೆ ನೆಕ್ಸಸ್ಸೋ ಆರ್ಟಿಫ್ಯಾಕ್ಟರಿಯೋ ಒಂದು ರೆಪಾಸಿಟರಿ ನಿಲ್ಲಿಸಿ. ಹೊರಗಿಂದ ಬರೋದೆಲ್ಲ ಅದರ ಮೂಲಕವೇ ಬರಲಿ, ಒಂದು ಪ್ರತಿ ಅಲ್ಲೇ ಉಳೀಲಿ, ಅದಕ್ಕೆ ಬ್ಯಾಕಪ್ ಇರಲಿ. ವರ್ಷನ್ ಜಾಗದಲ್ಲಿ ಪ್ಲಸ್ ಗುರುತು ಹಾಕಿ "ಹೊಸದು ಯಾವುದಿದ್ರೆ ಅದು" ಅನ್ನೋ ಚಾಳಿ ಬಿಡಿ. ಲಾಕ್ ಫೈಲನ್ನು ಕೋಡ್ ಜೊತೆಗೇ ಇಡಿ. ಚೆಕ್‌ಸಮ್ ತಾಳೆ ನೋಡೋ ಸೌಲಭ್ಯ ಗ್ರೇಡಲ್‌ನಲ್ಲೇ ಇದೆ, ಬಳಸಿ. ಯಾವ ಲೈಬ್ರರಿ ಯಾವುದನ್ನು ಎಳಕೊಂಡು ಬಂದಿದೆ ಅನ್ನೋ ಪಟ್ಟಿ ಪ್ರತಿ ರಿಲೀಸ್‌ಗೂ ತೆಗೆದಿಡಿ. ಸಾಫ್ಟ್‌ವೇರಿನೊಳಗೆ ಏನೇನಿದೆ ಅನ್ನೋ ಪಟ್ಟಿ ಹೇಗಿರಬೇಕು ಅಂತ ಕೇಂದ್ರ ಸರ್ಕಾರದ ಸರ್ಟ್-ಇನ್ 2024ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಇದನ್ನೆಲ್ಲ ಕೇಳಿದರೆ ಮ್ಯಾನೇಜರ್ ಹೇಳೋದು ಒಂದೇ: "ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತಲ್ಲಪ್ಪಾ, ಇನ್ನೊಂದು ಸರ್ವರ್ ಯಾಕೆ?" ಸಾರ್, ಪುಕ್ಕಟೆ ಸಿಗೋದು ಕೋಡ್. ಅದು ಬೇಕಾದಾಗ ಕೈಗೆ ಸಿಗಬೇಕು ಅನ್ನೋ ಜವಾಬ್ದಾರಿ ಯಾರೂ ಪುಕ್ಕಟೆ ಹೊರಲ್ಲ. ನೀವು ಉಳಿಸಿದ ಆ ಸರ್ವರ್ ಖರ್ಚನ್ನು ಒಬ್ಬ ಫ್ರೆಶರ್ ತನ್ನ ಇನ್‌ಕ್ರಿಮೆಂಟ್‌ನಲ್ಲಿ ಕಟ್ಟಿದಾನೆ.

ಇನ್ನೊಂದು ಮಾತು. ಬರೆದವರಿಗೂ ಸ್ವಲ್ಪ ಕೊಡೋಣ. ಬೆಂಗಳೂರಿನದೇ ಝೆರೋಧಾ 2024ರಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ಅಂತ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟಿತು. ಎಲ್ಲರೂ ಅಷ್ಟು ಕೊಡಬೇಕಿಲ್ಲ. ಟೀಮ್ ಔಟಿಂಗ್‌ಗೆ ರೆಸಾರ್ಟಿಗೆ ಸುರಿಯೋದರಲ್ಲಿ ಒಂದು ಪಾಲು ಕೊಟ್ಟರೂ ಸಾಕು.

ಈ ಸೋಮವಾರ ಒಂದು ಕೆಲಸ ಮಾಡಿ. ಹೊಸ ಲ್ಯಾಪ್‌ಟಾಪ್ ತಗೊಳ್ಳಿ, ಕ್ಯಾಶ್ ಖಾಲಿ ಇರಲಿ, ನಿಮ್ಮ ಪ್ರಾಜೆಕ್ಟನ್ನು ಮೊದಲಿಂದ ಬಿಲ್ಡ್ ಮಾಡಿ. ನಡುವೆ ಎಲ್ಲಾದರೂ ಮುಗ್ಗರಿಸಿತು ಅಂದ್ರೆ, ಬೈಯೋಕೆ ಹೊಸ ಹುಡುಗನನ್ನು ಹುಡುಕಬೇಡಿ. ಆ ಬಿಲ್ಡ್ ಫೈಲ್‌ಗೆ ಆ ಸಾಲು ಸೇರಿಸಿದ್ದು ಯಾರು ಅಂತ ಗಿಟ್ ಹೇಳುತ್ತೆ. ನಾನೂ ನೋಡಿದೆ. ನಮ್ಮ ಪ್ರಾಜೆಕ್ಟಿನಲ್ಲಿ ಆ ಸಾಲಿನ ಪಕ್ಕ ಇದ್ದದ್ದು ನನ್ನ ಹೆಸರೇ.