ಮಸೂದೆಯ ಕರಡು ಕನ್ನಡದಲ್ಲೂ ಸಿಗಲಿ: ಜತ್ತ ತಾಲೂಕಿನ ಕನ್ನಡಿಗರ ಮನವಿ

ಗೆ,
ಮಾನ್ಯ ಅಧ್ಯಕ್ಷರು,
ವಿನಂತಿ ಅರ್ಜಿ ಸಮಿತಿ, ಮಹಾರಾಷ್ಟ್ರ ವಿಧಾನಸಭೆ,
ವಿಧಾನ ಭವನ, ಮುಂಬಯಿ.

ವಿಷಯ: ಮಸೂದೆ ಮತ್ತು ಕರಡು ನಿಯಮಗಳ ಮೇಲೆ ಸಲಹೆ, ಆಕ್ಷೇಪಣೆ ಸಲ್ಲಿಸಲು ಕನ್ನಡ ಭಾಷಿಕರಿಗೂ ಅನುಕೂಲ ಕಲ್ಪಿಸುವ ಕುರಿತು.

ಮಾನ್ಯರೇ,

ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಅದರಂತೆ ಶೇಗಾಂವ ಹಾಗೂ ಸುತ್ತಲಿನ ಹಳ್ಳಿಗಳ ನಾವು ಈ ಮನವಿಯನ್ನು ಕನ್ನಡದಲ್ಲೇ ಸಲ್ಲಿಸುತ್ತಿದ್ದೇವೆ. ಇದಕ್ಕೂ ಗಡಿ ವಿವಾದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಹಳ್ಳಿಯ ಅನುಭವದಿಂದ ಒಳ್ಳೆಯ ಕಾನೂನು ಹುಟ್ಟಬಲ್ಲದು ಎಂಬುದಕ್ಕೆ ನಮ್ಮ ಸಾಂಗಲಿ ಜಿಲ್ಲೆಯೇ ಸಾಕ್ಷಿ. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆ ಅವರು ಕೂಲಿಕಾರರಿಗೆ ಕೆಲಸ ಕೊಡುವ ಯೋಜನೆಯನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ತಾಸಗಾಂವ ತಾಲೂಕಿನ ವಿಸಾಪುರದಲ್ಲಿ. 1972ರ ಬರಗಾಲದಲ್ಲಿ ಖಡಿ ಒಡೆದು ಹೊಟ್ಟೆ ಹೊರೆದವರು ನಮ್ಮ ಹಿರಿಯರು. ಆ ಯೋಜನೆ 1977ರಲ್ಲಿ ರಾಜ್ಯದ ಉದ್ಯೋಗ ಖಾತರಿ ಕಾಯ್ದೆಯಾಯಿತು. 2005ರ ಕೇಂದ್ರ ಕಾಯ್ದೆಗೂ ದಾರಿ ಮಾಡಿಕೊಟ್ಟಿತು.

ಮಸೂದೆಯ ಮೇಲೆ ಜನರ ಅಭಿಪ್ರಾಯ ಕೇಳಿದ್ದಕ್ಕೆ ಈಚಿನ ಉದಾಹರಣೆ ವಿಶೇಷ ಜನಸುರಕ್ಷಾ ಮಸೂದೆಯದು. 2024ರಲ್ಲಿ ಮಂಡನೆಯಾದ ಅದನ್ನು ಉಭಯ ಸದನಗಳ ಜಂಟಿ ಸಮಿತಿಗೆ ಒಪ್ಪಿಸಿ, ಸಾರ್ವಜನಿಕರ ಸಲಹೆ ಕೇಳಲಾಯಿತು. 12 ಸಾವಿರಕ್ಕೂ ಹೆಚ್ಚು ಸಲಹೆಗಳು ಬಂದವು. ಕೆಲವು ಬದಲಾವಣೆಗಳಾಗಿ 2025ರ ಜುಲೈನಲ್ಲಿ ಮಸೂದೆ ಅಂಗೀಕಾರವಾಯಿತು. ಜನರನ್ನು ಕೇಳಿದ್ದು ಸರಿಯೇ. ಆದರೆ ಬರೆದವನಿಗೆ ತನ್ನ ಸಲಹೆ ಏನಾಯಿತು, ಬಿಟ್ಟಿದ್ದರೆ ಯಾಕೆ ಬಿಟ್ಟರು ಎಂದು ತಿಳಿಯಬೇಡವೇ? ಕೇಳಿದ್ದನ್ನೆಲ್ಲ ಒಪ್ಪಬೇಕೆಂಬ ಹಟ ನಮಗಿಲ್ಲ. ತೀರ್ಮಾನ ಚುನಾಯಿತ ಸದನದ್ದೇ. ಕಾರಣ ಮಾತ್ರ ತಿಳಿಸಬೇಕು.

ನಮ್ಮ ತೊಡಕು ಅದಕ್ಕೂ ಮೊದಲೇ ಶುರುವಾಗುತ್ತದೆ. ಗ್ರಾಮ ಪಂಚಾಯತಿಯ ಫಲಕದ ಮೇಲೆ ಮರಾಠಿ ನೋಟಿಸು ಅಂಟಿಸಿರುತ್ತಾರೆ. ಅದರ ಮೇಲೆ ರೇಷನ್ನಿನದು, ಅದರ ಮೇಲೆ ಮನೆಪಟ್ಟಿ ವಸೂಲಿಯದು. ಕುರಿ ಹೊಡೆದುಕೊಂಡು ಹೋದ ಅಜ್ಜ ಸಂಜೆ ಬಂದು ಕಾಲೇಜಿಗೆ ಹೋಗುವ ಮೊಮ್ಮಗಳಿಂದ ಅದನ್ನು ಓದಿಸಿಕೊಳ್ಳುವ ಹೊತ್ತಿಗೆ ಮುದತು ಮುಗಿದಿರುತ್ತದೆ. ಮರಾಠಿ ನಮಗೆ ಪರಕೀಯವಲ್ಲ, ಜತ್ತದ ಪೇಟೆಯಲ್ಲಿ ದಿನವೂ ಆಡುವ ಮಾತು. ಆದರೆ ಕಾಯ್ದೆಯ ಮರಾಠಿಗೆ ನೆರೆಮನೆಯ ಮರಾಠಿಗರೂ ತಡವರಿಸುತ್ತಾರೆ. ಇನ್ನು ಗ್ರಾಮಸಭೆ: ಕೋರಂ ಇಲ್ಲವೆಂದು ಒಮ್ಮೆ ತಹಕೂಬ್ ಆದರೆ ಮುಂದಿನ ಸಭೆಯಲ್ಲಿ ಇದ್ದ ನಾಲ್ಕು ಜನರ ಮಾತೇ ಊರಿನ ಮಾತು. ಜನರೂ ಬರುವುದಿಲ್ಲ ಎಂಬ ಆಪಾದನೆ ಸುಳ್ಳಲ್ಲ. ಹೇಳಿದ್ದು ಎಲ್ಲಿಗೂ ಮುಟ್ಟದಿದ್ದರೆ ಕೂಲಿ ಬಿಟ್ಟು ಯಾರು ಬಂದಾರು?

ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿರುವ ತಾಲೂಕುಗಳಲ್ಲಿ ಮುಖ್ಯ ಕಾನೂನು, ನಿಯಮ, ನೋಟಿಸುಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕೆಂದು 1961ರ ಮುಖ್ಯಮಂತ್ರಿಗಳ ಸಮ್ಮೇಳನವೇ ಒಪ್ಪಿದೆ. ಕಾಯ್ದೆಯಾದ ಮೇಲೆ ಕೊಡುವ ಅನುವಾದವನ್ನು ಕರಡಿನ ಹಂತದಲ್ಲೇ ಕೊಡಿ ಎಂಬುದು ನಮ್ಮ ಮುಖ್ಯ ಬೇಡಿಕೆ. ಇಡೀ ಮಸೂದೆ ಆಗದಿದ್ದರೆ ಎರಡು ಪುಟದ ಸಾರಾಂಶವಾದರೂ ಉಮದಿ, ಸಂಖ, ಮಾಡಗ್ಯಾಳದಂಥ ಊರುಗಳ ಪಂಚಾಯತಿಗಳಿಗೆ ಕನ್ನಡದಲ್ಲಿ ಬರಲಿ.

ಕೇಂದ್ರದ 2014ರ ಪೂರ್ವಸಮಾಲೋಚನಾ ನೀತಿ ಕರಡು ಮಸೂದೆಗಳಿಗೆ ಕನಿಷ್ಠ 30 ದಿನ ಕೊಡುತ್ತದೆ. ರಾಜ್ಯದಲ್ಲೂ ಅಷ್ಟು ಕಾಲಾವಕಾಶವನ್ನು ಕಡ್ಡಾಯ ಮಾಡಿ, ಅನುವಾದ ಊರಿಗೆ ತಲುಪಿದ ದಿನದಿಂದ ಅದನ್ನು ಎಣಿಸಬೇಕು. ಕೈಬರಹದ ಕನ್ನಡ ಅರ್ಜಿಯನ್ನು ತಹಶೀಲ್ದಾರ ಕಚೇರಿಯಲ್ಲಿ ಸ್ವೀಕರಿಸಿ ಪಾವತಿ ಕೊಡಬೇಕು. ನೀರಾವರಿ, ಭೂಮಿ, ಶಾಲೆಗಳಿಗೆ ಸಂಬಂಧಿಸಿದ ಮಸೂದೆಗಳಿದ್ದಾಗ ಸಮಿತಿಯ ಒಂದು ಬೈಠಕ್ಕು ಜತ್ತದಲ್ಲಿ, ದುಭಾಷಿಯ ಸಮೇತ ನಡೆಯಲಿ. ಬಂದ ಸಲಹೆಗಳ ಮೇಲಿನ ನಿರ್ಣಯವನ್ನು ಸಮಿತಿಯ ವರದಿಗೆ ಲಗತ್ತಿಸಬೇಕು.

ಈ ಮನವಿಯನ್ನು ಸಮಿತಿಯ ಮುಂದಿಟ್ಟು, ಕೈಗೊಂಡ ಕ್ರಮವನ್ನು ನಮಗೆ ಕನ್ನಡದಲ್ಲಿ ತಿಳಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಕೆಳಗೆ ಸಹಿ ಮತ್ತು ಹೆಬ್ಬೆಟ್ಟು ಹಾಕಿದ ಗ್ರಾಮಸ್ಥರು
ಸ್ಥಳ: ಶೇಗಾಂವ, ತಾ. ಜತ್ತ, ಜಿ. ಸಾಂಗಲಿ